ಕುಮಾರಿ ಐಡಾ ಟಾರ್ಬೆಲ್: ಬಾಳು ಮತ್ತು ಬರವಣಿಗೆ

ವೃತ್ತಪತ್ರಿಕೆಯ ಬರವಣಿಗೆ ಸಾಹಿತ್ಯವೆನಿಸುವುದೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ತಲೆಯೆತ್ತುವುದುಂಟು. ಬೆಳಗ್ಗೆ ಓದಿ ಸಂಜೆಗೆ ಅಂಗಡಿಯವನ ಪೊಟ್ಟಣಕ್ಕೆ ಸಲ್ಲುವ ಕಾಗದದಲ್ಲಿ ಬಾಳಿಕೆಯ ಗುಣವನ್ನು ಅರಸುವುದು ವ್ಯರ್ಥವೆಂದು ಕೆಲವರ ಮತ. ಜನಜೀವನದ ಬಿಸಿಯುಸಿರು ಮೊದಲು ತಾಗುವುದು ಪತ್ರಿಕೆಗೇ ಆದುದರಿಂದ ಸಾಹಿತ್ಯದ ಹೊಸ ಚಿಗುರು ಅಲ್ಲಿಯೇ ಒಡೆಯಬೇಕೆಂದು ಬೇರೆ ಕೆಲವರ ಮತ. ಇಂಥ ವಾದಗಳು ಸಾಮಾನ್ಯ ತತ್ತ್ವಗಳಲ್ಲಿಯೇ ನಿಂತರೆ ಮುಗಿಯುವಂತಿಲ್ಲ. ಒಂದು ಗ್ರಂಥವನ್ನು ಮುಂದಿಟ್ಟುಕೊಂಡು, ಅದನ್ನು ಬರೆದವರ ಬಾಳನ್ನೂ ಅದು ಹುಟ್ಟಿದ ಬಗೆಯನ್ನೂ ವಿಚಾರಿಸಿದರೆ ಏನಾದರೂ ಫಲ ದೊರೆತೀತು. ಆ ಉದ್ದೇಶದಿಂದ ಅಮೆರಿಕದ ಕುಮಾರಿ ಐಡಾ ಟಾರ್ಬೆಲ್ ಬರೆದ “ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಇತಿಹಾಸ”ವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ. ೧೯೦೨ನೆಯ ಇಸವಿಯ ನವೆಂಬರಿನಿಂದ ೧೯೦೪ರ ಅಕ್ಟೋಬರಿನವರೆಗೆ “ಮೆಕ್ಲೂರ್ಸ್” ಎಂಬ ಮಾಸಪತ್ರಿಕೆಯಲ್ಲಿ ೧೯ ಕಂತುಗಳಾಗಿ ಹೊರಬಂದು, ಅದೇ ೧೯೦೪ರಲ್ಲಿ ಎರಡು ಸಂಪುಟಗಳ ಗ್ರಂಥವಾದ ಬರವಣಿಗೆ ಇದು. ೧೯೯೯ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದವರು ಇಪ್ಪತ್ತನೆಯ ಶತಮಾನದ ಅಮೆರಿಕದ ಪತ್ರಿಕಾ ಬರವಣಿಗೆಗಳಲ್ಲಿ ಶ್ರೇಷ್ಠವಾದ ನೂರನ್ನು ಆರಿಸಿದಾಗ ಇದಕ್ಕೆ ಐದನೆಯ ಸ್ಥಾನ ದೊರೆಯಿತು.

ಗ್ರಂಥದ ವಸ್ತು ಒಂದು ವ್ಯಾಪಾರಿ ಸಂಸ್ಥೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ದೀಪದೆಣ್ಣೆಯು ಹಡಗೇರಿ ಹಿಂದೂಸ್ಥಾನದ ಬಂದರುಗಳಿಗೂ ಬಂದಿತು. ಹರಳೆಣ್ಣೆ ಹೊಂಗೆಯೆಣ್ಣೆಗಳ ಹಣತೆಯಲ್ಲಿ ಇರುಳು ಕಳೆಯುತ್ತಿದ್ದ ನಮ್ಮ ಹಿರಿಯರು, ಪರಸೀಮೆಯಿಂದ ಬಂದ ಆ ಎಣ್ಣೆಯನ್ನು ‘ಸೀಮೆಎಣ್ಣೆ’ ಎಂದು ಕರೆದರು. ಆ ಎಣ್ಣೆಯ ವ್ಯಾಪಾರವನ್ನು ಅಮೆರಿಕದಲ್ಲಿ ಬಹುಮಟ್ಟಿಗೆ ಒಂದೇ ಮುಷ್ಟಿಯಲ್ಲಿ ಹಿಡಿದಿದ್ದುದು ಜಾನ್ ಡಿ. ರಾಕ್‌ಫೆಲರನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಆ ಮುಷ್ಟಿಯು ಹೇಗೆ ಬಿಗಿಯಿತು, ಅದರೊಳಗೆ ಸಿಕ್ಕಿ ನಲುಗಿದವರು ಯಾರು ಎಂಬುದನ್ನು ವಿಚಾರಿಸಿ ಬರೆದವಳು, ಹಾಗೆ ನಲುಗಿದ ಮನೆಯೊಂದರ ಮಗಳು. ಆದುದರಿಂದ ಈ ಗ್ರಂಥವು ನಮ್ಮ ಮೊದಲ ಪ್ರಶ್ನೆಯ ಜೊತೆಗೆ ಇನ್ನೂ ಕಠಿನವಾದ ಮತ್ತೊಂದನ್ನು ತಂದೊಡ್ಡುತ್ತದೆ: ತನ್ನ ತಂದೆಗೆ ಕೆಡುಕು ಮಾಡಿದವನ ಚರಿತ್ರೆಯನ್ನು ಬರೆಯಲು ಮಗಳಿಗೆ ಅಧಿಕಾರವುಂಟೆ? ಹಿಂದಿನದನ್ನು ಹೇಳುವವನು ನ್ಯಾಯಾಧಿಪತಿಯಂತೆ ರಾಗದ್ವೇಷಗಳನ್ನು ತೊರೆದಿರಬೇಕೆಂದು ಕಾಶ್ಮೀರದ ಕಲ್ಹಣನು ಹನ್ನೆರಡನೆಯ ಶತಮಾನದಲ್ಲಿಯೇ ಬಯಸಿದನು. ನೊಂದವರಿಗೆ ಅದು ಸಾಧ್ಯವೇ?

ಟಾರ್ಬೆಲ್ ಹುಟ್ಟಿದ್ದು ೧೮೫೭ರ ನವೆಂಬರ್ ೫ರಂದು, ಪೆನ್ಸಿಲ್ವೇನಿಯ ಸಂಸ್ಥಾನದ ಈರಿ ಪ್ರಾಂತದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಮನೆಯೊಂದರಲ್ಲಿ. ಆಕೆಗೆ ಎರಡು ವರ್ಷ ತುಂಬುವ ಮೊದಲೇ, ೧೮೫೯ರ ಆಗಸ್ಟಿನಲ್ಲಿ, ಸಮೀಪದ ಟೈಟಸ್‌ವಿಲ್ ಎಂಬಲ್ಲಿ ಡ್ರೇಕ್ ಎಂಬುವನು ಭೂಮಿಯನ್ನು ಕೊರೆದು ಎಣ್ಣೆಯನ್ನು ತೆಗೆದನು. ಜನ ಆ ಕಣಿವೆಗೆ ನುಗ್ಗಿತು. ಮರಗೆಲಸ ಬಲ್ಲವನಾದ ಆಕೆಯ ತಂದೆ ಫ್ರಾಂಕ್ಲಿನ್ ಟಾರ್ಬೆಲ್, ಉಕ್ಕುವ ಎಣ್ಣೆಯನ್ನು ತುಂಬಿಡಲು ಮರದ ದೊಡ್ಡ ತೊಟ್ಟಿಗಳನ್ನು ಕಟ್ಟಿಕೊಟ್ಟು ಸ್ಥಿತಿವಂತನಾದನು. ೧೮೭೦ರಲ್ಲಿ ಸಂಸಾರವು ಟೈಟಸ್‌ವಿಲ್ಲಿಗೆ ಬಂದು ನೆಲೆಸಿತು. ಎರಡೇ ವರ್ಷಗಳಲ್ಲಿ ಆ ಊರಿಗೆ ಸಿಡಿಲೆರಗಿತು.

೧೮೭೨ರ ಆ ಪ್ರಸಂಗವನ್ನು ತಿಳಿಯದೆ ಗ್ರಂಥದ ಮರ್ಮ ತಿಳಿಯದು. ಕೆಲವು ಎಣ್ಣೆ ವರ್ತಕರು ‘ಸೌತ್ ಇಂಪ್ರೂವ್‌ಮೆಂಟ್ ಕಂಪನಿ’ ಎಂಬ ಹೆಸರಿನಲ್ಲಿ ಕೂಟ ಕಟ್ಟಿ, ರೈಲ್ವೆ ಕಂಪನಿಗಳೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡರು. ಬಾವಿಗಳ ನಾಡಿನಿಂದ ಕ್ಲೀವ್‌ಲೆಂಡ್ ನಗರಕ್ಕೆ ಕಚ್ಚಾ ಎಣ್ಣೆಯನ್ನು ಸಾಗಿಸಲು ಪೀಪಾಯಿ ಒಂದಕ್ಕೆ ೮೦ ಸೆಂಟು ಬಾಡಿಗೆ. ಕೂಟದವರು ತಮ್ಮ ಪೀಪಾಯಿಗೆ ತೆತ್ತ ೮೦ ಸೆಂಟಿನಲ್ಲಿ ೪೦ ಸೆಂಟು ಅವರಿಗೇ ಹಿಂದಿರುಗುವುದು. ಇಷ್ಟೇ ಆಗಿದ್ದರೆ ಸಗಟು ವ್ಯಾಪಾರಿಗೆ ಕೊಡುವ ಸೋಡಿಯೆನ್ನಬಹುದಾಗಿತ್ತು. ಆದರೆ ಕೂಟಕ್ಕೆ ಸೇರದ ವರ್ತಕನು ತನ್ನ ಸ್ವಂತ ಪೀಪಾಯಿಗೆ ತೆತ್ತ ೮೦ ಸೆಂಟಿನಲ್ಲಿಯೂ ೪೦ ಸೆಂಟು ಕೂಟದವರ ಬೊಕ್ಕಸಕ್ಕೇ ಸೇರತಕ್ಕದ್ದು! ಎದುರಾಳಿಯು ಹೆಚ್ಚು ಸರಕು ಸಾಗಿಸಿದಷ್ಟೂ ಕೂಟದವರಿಗೆ ಹೆಚ್ಚು ಆದಾಯ. ಸುದ್ದಿ ಹೊರಬಿದ್ದೊಡನೆ ಎಣ್ಣೆಯ ನಾಡು ಕೆರಳಿ ನಿಂತಿತು. ಕೂಟಕ್ಕೆ ಎಣ್ಣೆಯನ್ನು ಮಾರುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರಲ್ಲಿ ಫ್ರಾಂಕ್ಲಿನ್ ಟಾರ್ಬೆಲನೂ ಒಬ್ಬನು. ಕೂಟದ ಸನದು ರದ್ದಾಯಿತು. ಆದರೆ ಅಷ್ಟರೊಳಗೆ, ಕೂಟದ ಬೆದರಿಕೆಯ ನೆರಳಿನಲ್ಲಿ, ಕ್ಲೀವ್‌ಲೆಂಡಿನ ೨೬ ಶುದ್ಧೀಕರಣದ ಕಾರ್ಖಾನೆಗಳಲ್ಲಿ ೨೦ಕ್ಕೂ ಹೆಚ್ಚನ್ನು ರಾಕ್‌ಫೆಲರನು ಕೆಲವೇ ವಾರಗಳಲ್ಲಿ ಕೊಂಡುಕೊಂಡಿದ್ದನು. ಹಾಡು ಹಾಸ್ಯಗಳಿಂದ ಮನೆಯನ್ನು ತುಂಬುತ್ತಿದ್ದ ತಂದೆ ಅಂದಿನಿಂದ ಮೌನಿಯಾದುದನ್ನು ಹದಿನಾಲ್ಕು ವರ್ಷದ ಹುಡುಗಿ ಕಂಡಳು. ಮುಂದೆ ಆತನ ಪಾಲುಗಾರನೊಬ್ಬನು ಆತ್ಮಹತ್ಯೆ ಮಾಡಿಕೊಂಡಾಗ, ಸಾಲದ ಹೊರೆಯೆಲ್ಲ ಈತನ ಮೇಲೆ ಬಿದ್ದು ಮನೆಯನ್ನು ಅಡವಿಡಬೇಕಾಯಿತು.

ಇಂಥ ಬಾಲ್ಯದಿಂದ ಒಂದು ಕಟುವಾದ ಆರೋಪಪತ್ರ ಹುಟ್ಟುವುದು ಸಹಜ. ಇತಿಹಾಸ ಹುಟ್ಟುವುದು ಸಹಜವಲ್ಲ. ನಡುವೆ ಏನು ನಡೆಯಿತೆಂಬುದೇ ವಿಮರ್ಶಕನು ಕೇಳಬೇಕಾದ ಮಾತು. ಅದಕ್ಕೆ ಉತ್ತರವು ಟಾರ್ಬೆಲಳ ಶಿಕ್ಷಣದಲ್ಲಿದೆ. ೧೮೭೬ರಲ್ಲಿ ಆಕೆ ಮೀಡ್‌ವಿಲ್ ಊರಿನ ಅಲಿಘೆನಿ ಕಾಲೇಜನ್ನು ಸೇರಿದಾಗ ಆ ವರ್ಷದ ತರಗತಿಗೆ ಆಕೆಯೊಬ್ಬಳೇ ಹೆಣ್ಣು. ಆಕೆಯ ಆಸೆಯಿದ್ದುದು ಜೀವಶಾಸ್ತ್ರಜ್ಞೆಯಾಗಬೇಕೆಂದು. ಒಲವಿದ್ದುದು ಸೂಕ್ಷ್ಮದರ್ಶಕದ ಮೇಲೆ. ಕಣ್ಣಿಗೆ ಕಂಡುದನ್ನು ಕಂಡಷ್ಟೇ ಬರೆದಿಡುವ ಅಭ್ಯಾಸ ಆಕೆಗೆ ಬಂದುದು ಹೀಗೆ. ೧೮೮೦ರಲ್ಲಿ ಪದವೀಧರೆಯಾಗಿ ಎರಡು ವರ್ಷ ಉಪಾಧ್ಯಾಯಿನಿಯಾಗಿದ್ದು, ಅನಂತರ “ಶಟಾಕ್ವನ್” ಎಂಬ ಪತ್ರಿಕೆಯ ಕಾರ್ಯಾಲಯದಲ್ಲಿ ಹಲವು ವರ್ಷ ದುಡಿದು, ೧೮೯೧ರಲ್ಲಿ ಪತ್ರಿಕೆಗಳಿಗೆ ಬಿಡಿ ಲೇಖನಗಳನ್ನು ಬರೆದು ಹೊಟ್ಟೆ ಹೊರೆದೇನೆಂಬ ಧೈರ್ಯದಿಂದ ಪ್ಯಾರಿಸ್ಸಿಗೆ ಹೋದಳು.

ಪ್ಯಾರಿಸ್ಸಿನಲ್ಲಿ ಆಕೆ ಕೈಕೊಂಡ ಕೆಲಸವು ನಮ್ಮ ವಿಚಾರಕ್ಕೆ ಬಹು ಮುಖ್ಯವಾದುದು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದ ಮದಾಮ್ ರೋಲಾಂಳನ್ನು ಆಕೆ ಮನಸ್ಸಿನಲ್ಲಿ ದೇವತೆಯಂತೆ ಪ್ರತಿಷ್ಠಿಸಿಕೊಂಡಿದ್ದಳು. ಆಕೆಯ ಚರಿತ್ರೆಯನ್ನು ಬರೆಯಬೇಕೆಂದು ಹಳೆಯ ಪತ್ರಗಳನ್ನೂ ಕಾಗದಗಳನ್ನೂ ಕುಳಿತು ಓದಿದಂತೆಲ್ಲ ಆ ದೇವತೆಯು ಮನುಷ್ಯಳಾಗುತ್ತ ಬಂದಳು. ಹಿಂಸೆಯನ್ನು ತಡೆಯುವಳೆಂದು ನಂಬಿದ್ದವಳು ಹಿಂಸೆಗೆ ಇಂಬುಕೊಟ್ಟುದೂ ಕಂಡಿತು. ೧೮೯೬ರಲ್ಲಿ ಹೊರಬಂದ ಆ ಚರಿತ್ರೆಯಲ್ಲಿ ಟಾರ್ಬೆಲ್ ತನ್ನ ಭಕ್ತಿಯನ್ನು ದಾಖಲೆಗೆ ಒಪ್ಪಿಸಿಬಿಟ್ಟಿದ್ದಾಳೆ. ಮೆಚ್ಚಿದವರ ವಿಷಯದಲ್ಲಿ ಒಮ್ಮೆ ಹೀಗೆ ಸೋತವಳಿಗೆ, ಮೆಚ್ಚದವರ ವಿಷಯದಲ್ಲಿಯೂ ಸೋಲುವ ಸಿದ್ಧತೆ ಇರಬೇಕಾಗುತ್ತದೆ. ಮುಂದೆ ನೆಪೋಲಿಯನ್ನನ ಮತ್ತು ಅಬ್ರಹಾಂ ಲಿಂಕನ್ನನ ಚರಿತ್ರೆಗಳನ್ನು ಮೆಕ್ಲೂರ್ಸ್ ಪತ್ರಿಕೆಗೆ ಬರೆಯುವಾಗ ಈ ಸಂಸ್ಕಾರ ಬಲಿಯಿತು. ಲಿಂಕನ್ನನ ವಿಷಯದಲ್ಲಿ ಹೇಳಬೇಕಾದುದೆಲ್ಲ ಮುಗಿದಿದೆಯೆಂದು ಪಂಡಿತರು ಭಾವಿಸಿದ್ದಾಗ, ಆಕೆ ಆತನು ಬಾಳಿದ ಊರುಗಳನ್ನು ಅಲೆದು, ಕಚೇರಿಗಳ ಹಳೆಯ ಪುಸ್ತಕಗಳನ್ನು ತಿರುವಿ, ಆತನ ಮಗನಿಂದ ಅಲ್ಲಿಯವರೆಗೆ ಅಚ್ಚಾಗದಿದ್ದ ಯೌವನದ ಭಾವಚಿತ್ರವನ್ನು ದೊರಕಿಸಿ ಪ್ರಕಟಿಸಿದಳು.

ಏಕಸ್ವಾಮ್ಯದ ವ್ಯಾಪಾರಕೂಟಗಳ ವಿಷಯವು ದೇಶದಲ್ಲೆಲ್ಲ ಚರ್ಚೆಗೆ ಬಂದಿದ್ದ ಕಾಲವದು. ಒಂದು ಕೂಟದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿಸಬೇಕೆಂದು ಪತ್ರಿಕೆಯ ಒಡೆಯನಾದ ಎಸ್. ಎಸ್. ಮೆಕ್ಲೂರನು ನಿಶ್ಚಯಿಸಿದಾಗ, ಆ ಕೆಲಸವು ಎಣ್ಣೆಯ ನಾಡಿನ ಮಗಳ ಪಾಲಿಗೆ ಬಂದಿತು. ತಂದೆಯೇ ಬೇಡವೆಂದನು, ಆ ಜನ ನಿಮ್ಮ ಪತ್ರಿಕೆಯನ್ನೇ ನುಂಗಿಬಿಡುವರೆಂದು ಎಚ್ಚರಿಸಿದನು. ಆಕೆ ಕೇಳಲಿಲ್ಲ. ಮೊದಲು ಕೆಲವೇ ಕಂತುಗಳೆಂದು ಹವಣಿಸಿದ ಲೇಖನಮಾಲೆ ಎರಡು ವರ್ಷ ನಡೆಯಿತು.

ಆಕೆ ಅನುಸರಿಸಿದ ವಿಧಾನವನ್ನು ಸ್ವಲ್ಪ ನೋಡೋಣ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯು ೧೮೭೦ರಿಂದ ಆಗಾಗ ಶಾಸನಸಭೆಗಳ ವಿಚಾರಣೆಗೂ ನ್ಯಾಯಾಲಯಗಳ ಪ್ರಶ್ನೆಗೂ ಒಳಗಾಗಿತ್ತು. ಆ ವಿಚಾರಣೆಗಳಲ್ಲಿ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯಗಳು ಸಾವಿರಾರು ಪುಟಗಳಾಗಿ ಕಚೇರಿಗಳಲ್ಲಿ ಧೂಳು ತಿನ್ನುತ್ತಿದ್ದವು. ಎಲ್ಲರಿಗೂ ತೆರೆದಿದ್ದರೂ ಯಾರೂ ಓದದ ಕಾಗದಗಳವು. ಕ್ಲೀವ್‌ಲೆಂಡಿನಲ್ಲಿದ್ದ ಜಾನ್ ಸಿಡಾಲ್ ಎಂಬ ತರುಣನ ಸಹಾಯದಿಂದ ಆಕೆ ಅವನ್ನು ಕಲೆಹಾಕಿ ಓದಿದಳು. ಸೌತ್ ಇಂಪ್ರೂವ್‌ಮೆಂಟ್ ಕಂಪನಿಯ ಒಪ್ಪಂದಗಳನ್ನು ಒಳಗೊಂಡ ೧೮೭೩ರ ಒಂದು ಚಿಕ್ಕ ಪುಸ್ತಿಕೆಯ ಪ್ರತಿಗಳು ಎಲ್ಲಿಯೂ ಉಳಿದಿಲ್ಲವೆಂಬ ಮಾತಿತ್ತು; ಅದನ್ನು ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಹುಡುಕಿ ತೆಗೆಸಿದಳು. ಆಕೆಯ ಗ್ರಂಥದ ಅನುಬಂಧಗಳಲ್ಲಿ ಒಪ್ಪಂದಗಳು, ಪತ್ರಗಳು, ಸಾಕ್ಷ್ಯದ ಭಾಗಗಳು ಯಥಾವತ್ತಾಗಿ ಅಚ್ಚಾಗಿವೆ. ಓದುಗನು ಬಯಸಿದರೆ ಗ್ರಂಥಕರ್ತ್ರಿಯ ಮಾತನ್ನು ಬದಿಗಿಟ್ಟು ತಾನೇ ತೀರ್ಪು ಕೊಡಬಹುದು.

ಎರಡನೆಯದಾಗಿ, ಆಕೆ ಪ್ರತಿವಾದಿಯ ಮನೆಗೇ ಹೋದಳು. ಮಾರ್ಕ್ ಟ್ವೈನನ ಮಧ್ಯಸ್ಥಿಕೆಯಿಂದ, ಕಂಪನಿಯ ಅಗ್ರಗಣ್ಯರಲ್ಲೊಬ್ಬನಾದ ಹೆನ್ರಿ ರೋಜರ್ಸನ ಪರಿಚಯವು ೧೯೦೨ರ ಜನವರಿಯಲ್ಲಿ ದೊರೆಯಿತು. ಆತನೂ ಒಂದು ಕಾಲದಲ್ಲಿ ಅದೇ ಕಣಿವೆಯಲ್ಲಿ ಟಾರ್ಬೆಲ್ ಸಂಸಾರಕ್ಕೆ ಸಮೀಪದಲ್ಲಿಯೇ ವಾಸವಾಗಿದ್ದವನೆಂಬುದು ಮಾತಿನಲ್ಲಿ ತಿಳಿಯಿತು. ಪ್ರತಿಯೊಂದು ಪ್ರಕರಣವನ್ನೂ ಆತನ ಮುಂದಿಟ್ಟು ಆತನ ಸಮಜಾಯಿಷಿಯನ್ನು ಕೇಳುವುದು, ಆದರೆ ಕೊನೆಯ ತೀರ್ಮಾನ ತನ್ನದೇ ಎಂಬ ಕರಾರಿನ ಮೇಲೆ, ಸುಮಾರು ಎರಡು ವರ್ಷಗಳ ಕಾಲ ಆಕೆ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯ ೨೬ನೆಯ ನಂಬರಿನ ಕಂಪನಿಯ ಕಾರ್ಯಾಲಯಕ್ಕೆ ಹೋಗಿಬರುತ್ತಿದ್ದಳು. ಬಫಲೋ ನಗರದಲ್ಲಿ ಎದುರಾಳಿಯ ಕಾರ್ಖಾನೆಯನ್ನು ಹಾಳುಮಾಡಲು ನಡೆದ ಸಂಚಿನಲ್ಲಿ ರೋಜರ್ಸನ ಹೆಸರು ಹಿಂದೆ ಕೇಳಿಬಂದಿತ್ತು. ಕಾಗದಗಳನ್ನೆಲ್ಲ ಓದಿದ ಮೇಲೆ, ಆತನಿಗೆ ಅದರಲ್ಲಿ ಪಾಲಿದ್ದುದು ಸಿದ್ಧವಾಗಲಿಲ್ಲವೆಂದು ಆಕೆ ಬರೆದಳು. ತನ್ನ ವಾದಕ್ಕೆ ಉಪಯೋಗವಾಗಬಹುದಾಗಿದ್ದ ಒಂದು ಅಪವಾದವನ್ನು ಹೀಗೆ ಕೈಬಿಡುವುದು ಸುಲಭವಲ್ಲ.

ಮೂರನೆಯದು, ಇಡೀ ಕಥೆಯಲ್ಲಿ ನಾಟಕೀಯವಾದ ಘಟನೆ. ಎದುರಾಳಿಗಳ ಸರಕು ಯಾವ ದಿನ ಯಾವ ನಿಲ್ದಾಣಕ್ಕೆ ಹೋಗುವುದೆಂಬ ಸಮಾಚಾರವನ್ನು ರೈಲ್ವೆ ಗುಮಾಸ್ತರೇ ಕಂಪನಿಗೆ ತಿಳಿಸುತ್ತಿದ್ದರೆಂಬ ಗುಮಾನಿ ಬಹುಕಾಲದಿಂದ ಇದ್ದಿತು. ಪುರಾವೆ ಮಾತ್ರ ಇರಲಿಲ್ಲ. ಕಂಪನಿಯ ಒಂದು ಕಾರ್ಯಾಲಯದಲ್ಲಿ ತಿಂಗಳು ತಿಂಗಳೂ ಹಳೆಯ ಕಾಗದಗಳನ್ನು ಸುಡುವ ಕೆಲಸ ಒಬ್ಬ ಹುಡುಗನದು. ಒಂದು ದಿನ ಆ ಕಾಗದಗಳಲ್ಲಿ, ತನಗೆ ಭಾನುವಾರದ ಧರ್ಮಪಾಠ ಹೇಳುತ್ತಿದ್ದ ಗುರುವಿನ ಹೆಸರು ಅವನ ಕಣ್ಣಿಗೆ ಬಿದ್ದಿತು. ಆ ಗುರು ಕಂಪನಿಗೆ ಎದುರಾಗಿ ವ್ಯಾಪಾರ ನಡೆಸುತ್ತಿದ್ದ ಎಣ್ಣೆ ವರ್ತಕ. ಹುಡುಗನು ಕಾಗದಗಳನ್ನು ಸುಡದೆ ಗುರುವಿಗೆ ಒಪ್ಪಿಸಿದನು. ಅವು ಕಡೆಗೆ ಟಾರ್ಬೆಲಳ ಕೈ ಸೇರಿದವು. ಆಕೆ ಹುಡುಗನನ್ನೂ ಗುರುವನ್ನೂ ಮರೆಮಾಡಿ, ಕಾಗದಗಳು ಹೇಳುವುದನ್ನು ಮಾತ್ರ ಅಚ್ಚು ಹಾಕಿಸಿದಳು. ರೋಜರ್ಸನು ಕೋಪದಿಂದ ಕುದಿದನು. ಅಂದಿಗೆ ಆ ಭೇಟಿಗಳು ಮುಗಿದವು.

ಇನ್ನು ಗ್ರಂಥದ ಗುಣವನ್ನು ವಿಚಾರಿಸೋಣ. ಇದೇ ಕಂಪನಿಯ ಮೇಲೆ ೧೮೯೪ರಲ್ಲಿ ಹೆನ್ರಿ ಡೆಮಾರೆಸ್ಟ್ ಲಾಯ್ಡ್ ಎಂಬ ಮಹನೀಯನು “ಸಂಪತ್ತು ವಿರುದ್ಧ ಸಮಾಜ” ಎಂಬರ್ಥದ ಹೆಸರಿನ ಗ್ರಂಥವೊಂದನ್ನು ಬರೆದಿದ್ದನು. ಲಾಯ್ಡನ ಶ್ರಮವೂ ಧೈರ್ಯವೂ ವಂದನೀಯವೇ ಸರಿ. ಆದರೆ ಆತನ ಮಾತು ಮೊದಲ ಪುಟದಿಂದಲೇ ಉರಿಯುತ್ತದೆ; ಪ್ರತಿ ಪ್ರಕರಣದ ಕೊನೆಗೂ ಖಂಡನೆ ಬಂದೇ ಬರುತ್ತದೆ; ವ್ಯಕ್ತಿಗಳ ಹೆಸರುಗಳಾದರೋ ಬಹುಮಟ್ಟಿಗೆ ಮರೆಯಾಗಿವೆ. ಓದುಗನು ಲೇಖಕನ ಕೋಪವನ್ನು ನೋಡುತ್ತ ಕುಳಿತು, ಕೋಪಕ್ಕೆ ಕಾರಣವಾದುದನ್ನು ಕಾಣಲು ಬಿಡುವಿಲ್ಲದವನಾಗುತ್ತಾನೆ. ಟಾರ್ಬೆಲಳ ರೀತಿ ಬೇರೆ. ಆಕೆ ಎಣ್ಣೆಯ ನಾಡಿನ ಹುಟ್ಟಿನಿಂದ ಹೇಳಹೊರಡುತ್ತಾಳೆ. ಕೆಸರಿನ ದಾರಿಗಳಲ್ಲಿ ಗಾಡಿ ಹೊಡೆದು, ಬಾವಿ ತೋಡಿ, ಕೊಳವೆ ಹೂಡಿ, ಊರು ಕಟ್ಟಿ, ಗುಡಿ ಶಾಲೆಗಳನ್ನು ನಿಲ್ಲಿಸಿದ ಜನರನ್ನು ಮೊದಲು ನಮಗೆ ಬಳಕೆಯವರನ್ನಾಗಿ ಮಾಡಿ, ಆಮೇಲೆ ೧೮೭೨ರ ಒಪ್ಪಂದವನ್ನು ತಂದು ಮುಂದಿಡುತ್ತಾಳೆ. ಆ ೪೦ ಸೆಂಟಿನ ಲೆಕ್ಕವನ್ನು ಓದಿದಾಗ ಎದೆ ಕುದಿಯುವುದು ಲೇಖಕಿಯು ಕುದಿಯೆಂದು ಹೇಳಿದ್ದರಿಂದಲ್ಲ. ಆ ಲೆಕ್ಕ ಯಾರ ಅನ್ನಕ್ಕೆ ಕೈಯಿಕ್ಕುವುದೆಂಬುದು ಅಷ್ಟು ಹೊತ್ತಿಗೆ ನಮಗೆ ತಿಳಿದಿರುವುದರಿಂದ. ನಮ್ಮ ಆಲಂಕಾರಿಕರು ಹೇಳುವ ವಿಭಾವಾದಿಗಳ ಮಾತು ಇಲ್ಲಿಯೂ ಸಲ್ಲುತ್ತದೆ: ಕಾರಣಗಳನ್ನು ಸರಿಯಾಗಿ ಜೋಡಿಸಿದರೆ ರಸವು ತಾನಾಗಿ ನಿಷ್ಪನ್ನವಾಗುವುದು, ಹೆಸರು ಹಿಡಿದು ಕೂಗಿದರೆ ಬಾರದು.

ಗ್ರಂಥದ ಕಿರೀಟಪ್ರಾಯವಾದ ಭಾಗವೆಂದು ನಮಗೆ ತೋರುವುದು, ಕಂಪನಿಯ “ನ್ಯಾಯವಾದ ಹಿರಿಮೆ”ಯನ್ನು ಕುರಿತ ಅಧ್ಯಾಯ. ಪೀಪಾಯಿ ಡಬ್ಬಗಳನ್ನು ತಾವೇ ತಯಾರಿಸಿ ಖರ್ಚನ್ನು ಉಳಿಸಿದ ಜಾಣತನ, ಹನಿಯೆಣ್ಣೆಯೂ ಹಾಳಾಗದಂತೆ ನೋಡಿದ ಎಚ್ಚರ, ಒಬ್ಬೊಬ್ಬ ನಿಪುಣನನ್ನೂ ಆರಿಸಿ ತಂದು ತಕ್ಕ ಸ್ಥಳದಲ್ಲಿ ನಿಲ್ಲಿಸಿದ ಶಕ್ತಿ, ಲೋಕದ ಮೂಲೆಮೂಲೆಗೂ ಸರಕನ್ನು ಮುಟ್ಟಿಸಿದ ಏರ್ಪಾಡು, ಇವನ್ನೆಲ್ಲ ಆಕೆ ಮನಸಾರೆ ಹೊಗಳುತ್ತಾಳೆ. ಹೊಗಳಿಕೆಯಲ್ಲಿ ಕಪಟವಿಲ್ಲ. ಇಷ್ಟು ಸಾಮರ್ಥ್ಯವಿದ್ದವರಿಗೆ ಮೋಸದ ಅವಶ್ಯಕತೆಯೇ ಇರಲಿಲ್ಲವಲ್ಲ ಎಂಬ ವ್ಯಥೆಯು ಓದುಗನಲ್ಲಿ ಮೂಡುವುದು ಆ ಹೊಗಳಿಕೆಯಿಂದಲೇ. ಶತ್ರುವಿನ ಗುಣವನ್ನು ಒಪ್ಪಿಕೊಂಡವಳು ದೋಷವನ್ನು ಹೇಳಿದಾಗ ಆ ಮಾತಿಗೆ ತೂಕ ಬರುತ್ತದೆ.

ಹಾಗೆಂದು ಗ್ರಂಥವು ನಿರ್ದೋಷವೆಂದು ಹೇಳುವಂತಿಲ್ಲ. ಕ್ಲೀವ್‌ಲೆಂಡಿನಲ್ಲಿ ಎಣ್ಣೆಯ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ ಬ್ಯಾಕಸ್ ಎಂಬ ವಿಧವೆಯು ೧೮೭೮ರಲ್ಲಿ ಅದನ್ನು ಕಂಪನಿಗೆ ಮಾರಿದ ಪ್ರಸಂಗವನ್ನು ಟಾರ್ಬೆಲ್ ಕರುಣಾಜನಕವಾಗಿ ಹೇಳಿದ್ದಾಳೆ. ದಿಕ್ಕಿಲ್ಲದ ಹೆಂಗಸನ್ನು ರಾಕ್‌ಫೆಲರನು ಸುಲಿದನೆಂಬ ಭಾವನೆಯೇ ಓದುಗನಲ್ಲಿ ನಿಲ್ಲುತ್ತದೆ. ೧೯೪೦ರಲ್ಲಿ ರಾಕ್‌ಫೆಲರನ ಚರಿತ್ರೆಯನ್ನು ಬರೆದ ಆಲನ್ ನೆವಿನ್ಸನೂ, ೧೯೯೮ರಲ್ಲಿ ಬರೆದ ರಾನ್ ಚೆರ್ನೋವನೂ ಈ ಪ್ರಕರಣವನ್ನು ಮತ್ತೆ ಪರಿಶೀಲಿಸಿ, ಕೊಟ್ಟ ಬೆಲೆ ಅನ್ಯಾಯವಾದುದಲ್ಲವೆಂಬ ಅಭಿಪ್ರಾಯಕ್ಕೆ ಬಂದರು. ಆಕೆಯ ತಮ್ಮ ವಿಲಿಯಂ ಟಾರ್ಬೆಲನು ಸ್ಟ್ಯಾಂಡರ್ಡಿಗೆ ಎದುರಾಗಿ ನಿಂತ ‘ಪ್ಯೂರ್ ಆಯಿಲ್’ ಕಂಪನಿಯಲ್ಲಿ ಅಧಿಕಾರಿಯಾಗಿದ್ದುದನ್ನೂ ವಿಮರ್ಶಕನು ಮರೆಯಲಾಗದು. ಸ್ವತಂತ್ರ ವರ್ತಕರೆಲ್ಲ ಸತ್ಯಸಂಧರು, ಕೂಟದವರೆಲ್ಲ ವಂಚಕರು ಎಂಬ ಒಲವು ಕೆಲವು ಪುಟಗಳಲ್ಲಿ ಇಣುಕುತ್ತದೆ. ಕೂಟಕ್ಕೆ ಸೇರದವರೂ ಅವಕಾಶ ಸಿಕ್ಕಿದಾಗ ರೈಲ್ವೆಯವರಿಂದ ಸೋಡಿ ಪಡೆಯುತ್ತಿದ್ದರೆಂಬುದು ಆ ವ್ಯಾಪಾರದ ಚರಿತ್ರೆಯನ್ನು ಬಲ್ಲವರಿಗೆ ತಿಳಿದ ವಿಷಯ.

ಇದಕ್ಕಿಂತ ದೊಡ್ಡ ಎಡವು ಗ್ರಂಥದ ಹೊರಗೆ ಆಯಿತು. ೧೯೦೫ರಲ್ಲಿ ಆಕೆ ಅದೇ ಪತ್ರಿಕೆಯಲ್ಲಿ ರಾಕ್‌ಫೆಲರನ “ಸ್ವಭಾವಚಿತ್ರ”ವೆಂದು ಎರಡು ಲೇಖನಗಳನ್ನು ಬರೆದಳು. ಆಕೆ ಆತನನ್ನು ಕಂಡುದು ಒಂದೇ ಸಲ, ೧೯೦೩ರಲ್ಲಿ, ಕ್ಲೀವ್‌ಲೆಂಡಿನ ಇಗರ್ಜಿಯಲ್ಲಿ, ದೂರದಿಂದ. ಅಷ್ಟು ಮಾತ್ರದಿಂದ ಆತನ ಕಣ್ಣು ತುಟಿ ಕೆನ್ನೆಗಳಲ್ಲಿ ಕ್ರೌರ್ಯವನ್ನೂ ಕಪಟವನ್ನೂ ಓದುತ್ತಾಳೆ. ರೋಗದಿಂದ ತಲೆಗೂದಲು ಹುಬ್ಬು ರೆಪ್ಪೆಗಳನ್ನೆಲ್ಲ ಕಳೆದುಕೊಂಡಿದ್ದ ಮುದುಕನ ಮುಖ ಅದು. ಆತನ ತಂದೆಯ ನಡತೆಯನ್ನೂ ಎಳೆದು ತರುತ್ತಾಳೆ. ತನ್ನ ತಂದೆಗಾದ ನೋವನ್ನು ಎರಡು ಸಂಪುಟಗಳ ಉದ್ದಕ್ಕೂ ಅದುಮಿ ಹಿಡಿದಿದ್ದವಳು, ಇಲ್ಲಿ ಇನ್ನೊಬ್ಬನ ತಂದೆಯ ಮೇಲೆ ಕೈಮಾಡಿದಳು. ಇಲ್ಲಿ ಅನುಬಂಧಗಳಿಲ್ಲ, ಸಾಕ್ಷ್ಯವಿಲ್ಲ, ಪ್ರತಿವಾದಿಯ ಸಮಜಾಯಿಷಿ ಇಲ್ಲ. ಅದೇ ಲೇಖನಿ, ಅದೇ ವ್ಯಕ್ತಿ, ಅದೇ ಪತ್ರಿಕೆ. ಆದರೂ ಬರವಣಿಗೆಯು ಕೀಳಾಯಿತು. ನಾವು ಮೊದಲು ಎತ್ತಿದ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕಾಗಿಲ್ಲ. ನೊಂದವರು ಬರೆಯಬಾರದೆಂದರೆ ಅನ್ಯಾಯದ ಕಥೆಯನ್ನು ಹೇಳುವವರೇ ಇಲ್ಲವಾಗುತ್ತಾರೆ. ನೋಯದವನಿಗೆ ೧೮೭೨ರ ಕಾಗದಗಳನ್ನು ಹುಡುಕುವ ಹಟವೇ ಇರುತ್ತಿರಲಿಲ್ಲ. ಯಾವುದನ್ನು ಕೇಳಬೇಕೆಂಬುದನ್ನು ನೋವು ಕಲಿಸಬಲ್ಲುದು. ಉತ್ತರವನ್ನೂ ಅದೇ ಹೇಳಹೊರಟಾಗ ಬರವಣಿಗೆ ಕೆಡುತ್ತದೆ.

ಗ್ರಂಥದ ಪರಿಣಾಮವು ಲೋಕವಿದಿತವಾದುದು. ರೈಲ್ವೆ ದರಗಳ ಮೇಲೆ ಸರಕಾರದ ಹತೋಟಿಯನ್ನು ಬಲಪಡಿಸುವ ಹೆಪ್‌ಬರ್ನ್ ಕಾಯಿದೆ ೧೯೦೬ರಲ್ಲಿ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಸಂಯುಕ್ತ ಸರಕಾರವು ಕಂಪನಿಯ ಮೇಲೆ ದಾವೆ ಹೂಡಿತು. ೧೯೧೧ರ ಮೇ ೧೫ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಆ ಮಹಾಸಂಸ್ಥೆಯು ೩೪ ಕಂಪನಿಗಳಾಗಿ ಒಡೆಯಿತು. ಇದೆಲ್ಲ ಒಬ್ಬ ಲೇಖಕಿಯ ಕೃತ್ಯವೆಂದರೆ ಅತ್ಯುಕ್ತಿ. ಆ ಕೂಟದ ಮೇಲೆ ಜನರ ಅಸಮಾಧಾನ ಮೂವತ್ತು ವರ್ಷಗಳಿಂದ ಕಟ್ಟಿತ್ತು. ಒಡೆದ ತುಂಡುಗಳ ಷೇರಿನ ಬೆಲೆ ಏರಿ ರಾಕ್‌ಫೆಲರನು ಮೊದಲಿಗಿಂತ ಹೆಚ್ಚು ಶ್ರೀಮಂತನಾದನೆಂಬುದೂ ಮರೆಯತಕ್ಕುದಲ್ಲ. ಆದರೆ ಚದರಿಹೋಗಿದ್ದ ಅಸಮಾಧಾನಕ್ಕೆ ಒಂದು ಕ್ರಮಬದ್ಧವಾದ ಕಥೆಯನ್ನು ಒದಗಿಸಿಕೊಟ್ಟ ಪುಣ್ಯ ಆಕೆಯದು.

೧೯೦೩ರ ಜನವರಿಯ ಮೆಕ್ಲೂರ್ಸ್ ಸಂಚಿಕೆಯಲ್ಲಿ ಟಾರ್ಬೆಲಳ ಎಣ್ಣೆಯ ಕಥೆಯೊಡನೆ, ಮಿನಿಯಾಪೊಲಿಸ್ ನಗರದ ಲಂಚಕೋರತನವನ್ನು ಕುರಿತ ಲಿಂಕನ್ ಸ್ಟೆಫೆನ್ಸನ ಲೇಖನವೂ, ಗಣಿ ಕೂಲಿಗಾರರ ಮುಷ್ಕರವನ್ನು ಕುರಿತ ರೇ ಸ್ಟ್ಯಾನರ್ಡ್ ಬೇಕರನ ಲೇಖನವೂ ಒಟ್ಟಿಗೆ ಬಂದುವು. ಶೋಧಕ ಪತ್ರಿಕಾರಚನೆಯ ಚರಿತ್ರೆಯನ್ನು ಬರೆಯುವವರು ಆ ಸಂಚಿಕೆಯನ್ನು ಒಂದು ಮೈಲಿಗಲ್ಲೆಂದು ಎಣಿಸುತ್ತಾರೆ. ಇಂಥ ಬರಹಗಾರರು ಹೆಚ್ಚಿದಾಗ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ೧೯೦೬ರ ಏಪ್ರಿಲಿನ ಭಾಷಣವೊಂದರಲ್ಲಿ, ಜಾನ್ ಬನಿಯನ್ನನ ಕಥೆಯಲ್ಲಿ ಬರುವ, ತಲೆಯೆತ್ತದೆ ಕಸವನ್ನೇ ಕೆದಕುವ ಮನುಷ್ಯನಿಗೆ ಅವರನ್ನು ಹೋಲಿಸಿದನು. ಆ ಹೆಸರು ಟಾರ್ಬೆಲಳಿಗೆ ಹಿಡಿಸಲಿಲ್ಲ. ಆಕೆ ತನ್ನನ್ನು ಇತಿಹಾಸಕಾರ್ತಿಯೆಂದೇ ತಿಳಿದಿದ್ದಳು. ಅದೇ ವರ್ಷ ಮೆಕ್ಲೂರನೊಡನೆ ಮನಸ್ತಾಪವಾಗಿ, ಸ್ಟೆಫೆನ್ಸ್ ಬೇಕರರೊಡನೆ ಹೊರಬಂದು “ಅಮೆರಿಕನ್ ಮ್ಯಾಗಜೀನ್” ಎಂಬ ಪತ್ರಿಕೆಯನ್ನು ಸ್ನೇಹಿತರು ಕೂಡಿ ಕೊಂಡು ನಡೆಸಿದರು.

ಉತ್ತರವಯಸ್ಸಿನ ಬರವಣಿಗೆಯಲ್ಲಿ ಆ ಹಿಂದಿನ ಬಿಗಿ ಕಾಣುವುದಿಲ್ಲ. ತಾನು ಸ್ವತಂತ್ರಳಾಗಿ ದುಡಿದು ಕೀರ್ತಿ ಪಡೆದವಳಾದರೂ ಹೆಂಗಸರಿಗೆ ಮತಾಧಿಕಾರ ಬೇಕೆಂಬ ಚಳವಳಿಗೆ ಆಕೆ ಒಲಿಯಲಿಲ್ಲ. ೧೯೧೨ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಗೃಹಕೃತ್ಯವೇ ಹೆಣ್ಣಿನ ಮುಖ್ಯ ವ್ಯವಸಾಯವೆಂಬ ಧ್ವನಿಯಿದೆ. ೧೯೨೫ರಲ್ಲಿ ಉಕ್ಕಿನ ಉದ್ಯಮದ ನಾಯಕನಾದ ಗ್ಯಾರಿಯ ಚರಿತ್ರೆಯನ್ನೂ, ೧೯೩೨ರಲ್ಲಿ ಓವೆನ್ ಯಂಗನ ಚರಿತ್ರೆಯನ್ನೂ ಬರೆದಳು. ಇವುಗಳಲ್ಲಿ ಕಹಿಯಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಗಳೂ ಇಲ್ಲ. ರೋಜರ್ಸನ ಮುಂದೆ ಕಾಗದ ಹಿಡಿದು ಕುಳಿತಿದ್ದವಳು ಇಲ್ಲಿ ಅತಿಥಿಯಂತೆ ಕುಳಿತಿದ್ದಾಳೆ. ದ್ವೇಷದಿಂದ ೧೯೦೫ರ ಚಿತ್ರ ಕೆಟ್ಟಂತೆ, ದಾಕ್ಷಿಣ್ಯದಿಂದ ಈ ಚರಿತ್ರೆಗಳು ಕೆಟ್ಟುವು. ೧೯೩೯ರಲ್ಲಿ, ಎಂಬತ್ತು ದಾಟಿದ ಮೇಲೆ, ಬರೆದ ಆತ್ಮಚರಿತ್ರೆಯು ಸರಳವಾಗಿ, ಜಂಬವಿಲ್ಲದೆ ಸಾಗುತ್ತದೆ; ಟೈಟಸ್‌ವಿಲ್ಲಿನ ಮನೆಯನ್ನೂ ಮೌನಿಯಾದ ತಂದೆಯನ್ನೂ ಆಕೆ ಮನಬಿಚ್ಚಿ ಹೇಳುವುದು ಅಲ್ಲಿ. ೧೯೪೪ರ ಜನವರಿ ೬ರಂದು, ತನ್ನ ೮೬ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಈಗ ಮೊದಲ ಪ್ರಶ್ನೆಗೆ ಹಿಂದಿರುಗಬಹುದು. ಪತ್ರಿಕೆಯ ಬರವಣಿಗೆಯು ಅವಸರದಲ್ಲಿ ಹುಟ್ಟುವುದರಿಂದ ಅಲ್ಪಾಯುವೆನ್ನುವವರಿಗೆ, ಈ ಗ್ರಂಥದ ಹಿಂದೆ ಇರುವ ವರ್ಷಗಳ ಓದನ್ನು ತೋರಿಸಬಹುದು. ಅದು ಕೋಪದಿಂದ ಹುಟ್ಟುವುದರಿಂದ ಅಶುದ್ಧವೆನ್ನುವವರಿಗೆ, ಅದರ ಅಧ್ಯಾಯಗಳ ಅನುಕ್ರಮವನ್ನು ಗಮನಿಸಿರೆಂದು ಹೇಳಬಹುದು. ಗ್ರಂಥದಲ್ಲಿ ಹದಿನೆಂಟು ಅಧ್ಯಾಯಗಳಿವೆ. ಹದಿನೆಂಟನೆಯದು ಉಪಸಂಹಾರ, ಅದರಲ್ಲಿ ಲೇಖಕಿಯು ತೀರ್ಪು ಕೊಡುತ್ತಾಳೆ, ಆ ತೀರ್ಪಿನಲ್ಲಿ ದಯೆಯಿಲ್ಲ. ಆದರೆ ಅದಕ್ಕೆ ಮೊದಲು, ಹದಿನೇಳನೆಯದಾಗಿ, ಆಕೆ ನಿಲ್ಲಿಸಿರುವುದು ಕಂಪನಿಯ ನ್ಯಾಯವಾದ ಹಿರಿಮೆಯನ್ನು. ತಂದೆಯ ಮನೆಯನ್ನು ಅಡವಿಡಿಸಿದವರ ಗುಣಗಳನ್ನು ಪೂರ್ತಿಯಾಗಿ ಎಣಿಸಿ ಮುಗಿಸುವವರೆಗೆ ಆಕೆ ತೀರ್ಪಿನ ಪುಟವನ್ನು ತೆರೆಯಲಿಲ್ಲ.